ಎಂಟೋ ಮೂವತ್ತೆರಡೋ

ಬೇಕರಿಯವನ ಹೊಸ ಮನೆಯ ಮೆಟ್ಟಿಲ ಮೇಲೆ ನಾವೆಲ್ಲ ಸಿಕ್ಕಿಹಾಕಿಕೊಂಡೆವು. ನಿಜವಾದ ಮೆಟ್ಟಿಲಲ್ಲ. ಆ ಮನೆಗೆ ಇನ್ನೂ ಪಾಯವನ್ನೇ ತೋಡಿರಲಿಲ್ಲ. ನನ್ನ ಸೊಸೆ ಲ್ಯಾಪ್‌ಟಾಪಿನೊಳಗೆ ಕಟ್ಟಿದ್ದ ಮನೆ ಅದು. ನನ್ನ ಮಗ ಮನೆ ಕಟ್ಟುವ ಮೇಸ್ತ್ರಿ. ಕಟ್ಟುವುದಕ್ಕೆ ಮುಂಚೆ ಮನೆ ಹೇಗಿರುತ್ತದೆ ಅಂತ ಸೊಸೆ ಪರದೆಯ ಮೇಲೆ ತೋರಿಸುತ್ತಾಳೆ. ಬಾಗಿಲು ತೆರೆದು ಒಳಗೆ ಹೋಗಬಹುದು, ಕಿಟಕಿಯಿಂದ ಹೊರಗೆ ನೋಡಬಹುದು. ಹಾಗೆ ಒಂದು ಸುತ್ತು ಹೊಡೆದ ಗಿರಾಕಿ ಮತ್ತೆ ಬೇರೆ ಮೇಸ್ತ್ರಿಯ ಮನೆ ಬಾಗಿಲಿಗೆ ಹೋಗುವುದಿಲ್ಲ.

ಅವತ್ತು ಬೇಕರಿಯವನು ಹೆಂಡತಿಯನ್ನೂ ಕರೆದುಕೊಂಡು ಬಂದು ನಮ್ಮ ಊಟದ ಮೇಜಿನ ಮುಂದೆ ಕೂತಿದ್ದ. ಹಾಲ್ ನೋಡಿದರು, ಅಡುಗೆಮನೆ ನೋಡಿದರು. ಮಹಡಿಗೆ ಹೋಗೋಣ ಅಂತ ಅರ್ಧ ಮೆಟ್ಟಿಲು ಹತ್ತಿದ್ದೇ ತಡ, ಲ್ಯಾಪ್‌ಟಾಪು ಕಲ್ಲಾಗಿ ಕೂತಿತು.

"ಒಂದ್ನಿಮಿಷ," ಅಂದಳು ಸೊಸೆ.

ನಿಮಿಷ ಹೋಯಿತು, ಟೀ ಆರಿತು. ಒಳಗಿನ ಫ್ಯಾನು ಮಾತ್ರ ಬುಸುಗುಟ್ಟುತ್ತಿತ್ತು.

"ಏನ್ ಮೇಸ್ತ್ರಿ, ನೀವು ಕಟ್ಟೋ ಮನೇಲಿ ಮಹಡಿ ಹತ್ತೋಕೆ ಟೋಕನ್ ತಗೋಬೇಕಾ?" ಬೇಕರಿಯವನು ನಕ್ಕ.

ಅವನ ಹೆಂಡತಿ ನಗಲಿಲ್ಲ. "ಮೇಲಿನ ರೂಮು ನೋಡದೆ ಏನಂತ ಹೇಳೋದು? ಇನ್ನೊಂದು ದಿನ ಬರ್ತೀವಿ," ಅಂದು ಬ್ಯಾಗನ್ನು ಹೆಗಲಿಗೆ ಹಾಕಿದಳು.

ಅವರು ಹೋದ ಮೇಲೆ ನನ್ನ ಮಗ ಆ ಲ್ಯಾಪ್‌ಟಾಪನ್ನು, ಕುಡಿದು ಕೆಲಸಕ್ಕೆ ಬಂದ ಗಾರೆಯವನನ್ನು ನೋಡುವ ಹಾಗೆ ನೋಡಿದ.

"ಏನು ರೋಗ ಇದಕ್ಕೆ?"

"ಮೆಮೊರಿ ಸಾಲ್ತಿಲ್ಲ ಅಪ್ಪ," ಅಂದಳು ಮೊಮ್ಮಗಳು. ಕಾಲೇಜಿಗೆ ಹೋಗುವ ಹುಡುಗಿ. ಬಾಯಿ ತೆರೆದರೆ ಸಿಡಿಯುತ್ತಾಳೆ ಅಂತ ನಾವು ಅವಳನ್ನು ಪಟಾಕಿ ಅಂತಲೇ ಕರೆಯುವುದು. "ಎಂಟೇ ಜಿಬಿ ಇರೋದು. ಅಮ್ಮ ಆಗಿಂದ ಹೇಳ್ತಾನೇ ಇದ್ದಾಳೆ, ನಿಮ್ಮ ಕಿವಿಗೆ ಬಿದ್ರೆ ತಾನೇ?"

ನನಗೂ ಇದು ಹೊಸದು. "ಅಲ್ಲ ಕಣೇ, ಆ ಮದುವೆ ಮುಂಜಿ ಫೋಟೋಗಳನ್ನೆಲ್ಲ ಅಳಿಸಿದ್ರೆ ಜಾಗ ಆಗಲ್ವಾ?" ಅಂತ ಸೊಸೆಯನ್ನು ಕೇಳಿದೆ.

"ಅದು ಬೇರೆ ಅತ್ತೆ. ಫೋಟೋ ಎಲ್ಲ ಇರೋದು ಕಪಾಟಲ್ಲಿ. ಇದು ಅಡುಗೆ ಕಟ್ಟೆ. ಕಪಾಟಲ್ಲಿ ಎಷ್ಟೇ ಸಾಮಾನಿರಲಿ, ಒಂದು ಸಲಕ್ಕೆ ಕಟ್ಟೆ ಮೇಲೆ ಎಷ್ಟು ಹರಡ್ಕೊಳ್ಳೋಕೆ ಆಗುತ್ತೆ ಅನ್ನೋದೇ ಮೆಮೊರಿ. ಕಟ್ಟೆ ಚಿಕ್ಕದಾದ್ರೆ ಒಂದನ್ನ ಒಳಗಿಟ್ಟು ಇನ್ನೊಂದನ್ನ ತೆಗೀಬೇಕು. ಅಷ್ಟರಲ್ಲಿ ಒಲೆ ಮೇಲಿದ್ದಿದ್ದು ಸೀದುಹೋಗುತ್ತೆ."

ಇದು ನನ್ನ ತಲೆಗೆ ತಟ್ಟನೆ ಹತ್ತಿತು. ನಾನು ಅರ್ಧ ಆಯುಸ್ಸು ಗಿರಣಿಯ ಕ್ಯಾಂಟೀನಿನಲ್ಲಿ ಅಡುಗೆ ಮಾಡಿದವಳು. ಕಟ್ಟೆ ಸಾಲದಿದ್ದರೆ ಎಂಥ ಕೈಯೂ ಕೆಡುತ್ತದೆ. ದೂರ ಯಾಕೆ, ನಮ್ಮ ಮನೆಯ ಕಟ್ಟೆಯನ್ನೇ ನೋಡಬೇಕು. ನನ್ನ ಮಗ ಅದನ್ನು ಎರಡು ಕಂತಿನಲ್ಲಿ ಕಟ್ಟಿದ್ದಾನೆ. ನಾವು ಈ ಮನೆಗೆ ಬಂದಾಗ ಅರ್ಧ, ಮೊಮ್ಮಗಳು ನಡೆಯಲು ಕಲಿತ ಮೇಲೆ ಇನ್ನರ್ಧ. ಎರಡನೆಯದು ಒಂದು ಬೆರಳು ತಗ್ಗು. ಆ ಸೇರುವ ಜಾಗದಲ್ಲಿ ಪಾತ್ರೆ ಇಟ್ಟರೆ ಕುಂಟುತ್ತದೆ. ಅವನ ಕೆಲಸವೆಲ್ಲ ಹೀಗೇ: ಈಗಿಷ್ಟು, ಆಮೇಲಿಷ್ಟು. ತಾರಸಿಯ ಮೇಲೆ ಮುಂದಿನ ಮಹಡಿಗೆ ಅಂತ ಬಿಟ್ಟಿರುವ ಕಬ್ಬಿಣದ ಕಂಬಿಗಳು ತುಕ್ಕು ಹಿಡಿದು ನಿಂತಿವೆ. ಮಹಡಿ ಬರಲಿಲ್ಲ. ನಾನು ಅವಕ್ಕೆ ಹಗ್ಗ ಕಟ್ಟಿ ಬಟ್ಟೆ ಒಣಗಿಸುತ್ತೇನೆ.

ಮಾರನೆಯ ದಿನ ಅಪ್ಪ ಮಗಳು ಬೀದಿಯ ಕೊನೆಯ ರಿಪೇರಿಯವನ ಅಂಗಡಿಗೆ ಹೋದರು. ಅವನು ಲ್ಯಾಪ್‌ಟಾಪಿನ ಬೆನ್ನು ಬಿಚ್ಚಿ ತೋರಿಸಿದನಂತೆ. ಮೆಮೊರಿ ಕೂರುವುದಕ್ಕೆ ಎರಡು ಗೂಡು. ಒಂದರಲ್ಲಿ ಎಂಟು ಜಿಬಿಯ ಪಟ್ಟಿ ಕೂತಿದೆ, ಮುರಿದ ಬಾಚಣಿಗೆಯ ತುಂಡಿನಷ್ಟು. ಇನ್ನೊಂದು ಖಾಲಿ. ಖಾಲಿ ಗೂಡು ನೋಡಿ ನನ್ನ ಮಗನಿಗೆ ಖಾಲಿ ಸೈಟು ಸಿಕ್ಕಷ್ಟು ಖುಷಿ.

ರಾತ್ರಿ ಊಟಕ್ಕೆ ಕೂತಾಗ ಹೇಳಿದ. "ಆ ಖಾಲಿ ಜಾಗಕ್ಕೆ ಇನ್ನೊಂದು ಎಂಟು ಹಾಕಿಸ್ತೀನಿ. ಅದೂ ಇದೂ ಸೇರಿ ಹದಿನಾರು. ಬೇಕಾದಷ್ಟಾಯ್ತು."

"ಸಾಲಲ್ಲ," ಅಂದಳು ಸೊಸೆ. ಬೇಳೆ ಬಡಿಸುತ್ತಿದ್ದಳು.

"ಯಾಕೆ ಸಾಲಲ್ಲ? ಮನೆ ತೋರ್ಸೋಕೆ ಹದಿನಾರು ಧಾರಾಳ ಅಂತ ಅವನೇ ಹೇಳ್ದ."

"ಮನೆಗೆ ಸಾಕು. ನನಗೆ ಮೂವತ್ತೆರಡು ಬೇಕು. ಈಗಿರೋದನ್ನ ತೆಗೆದು ಹದಿನಾರರದ್ದು ಎರಡು ಹಾಕಿಸ್ಬೇಕು."

"ಮನೆಗೆ ಸಾಕು ಅಂದ್ಮೇಲೆ ಇನ್ನೇನು ಕಟ್ತೀಯಾ, ಅರಮನೆಯಾ?"

"ಶಾಲೆ."

ಮಗನ ಕೈ ತಟ್ಟೆಯಲ್ಲೇ ನಿಂತಿತು. "ಯಾವ ಶಾಲೆ?"

"ಒಬ್ರು ಆರ್ಕಿಟೆಕ್ಟ್ ಮೇಡಂ ಕೊಟ್ಟಿದಾರೆ, ಮಾಡಿ ತೋರ್ಸು ನೋಡೋಣ ಅಂತ. ಎರಡು ಮಹಡಿ, ಲ್ಯಾಬು, ಮೈದಾನ, ಮರ ಗಿಡ ಎಲ್ಲ ಇದೆ. ತಿಂಗಳ ಕೊನೆಗೆ ತೋರಿಸ್ಬೇಕು. ಒಪ್ಪಿಗೆ ಆದ್ರೆ ತಿಂಗಳು ತಿಂಗಳು ಕೆಲಸ ಕೊಡ್ತಾರಂತೆ."

"ಯಾವಾಗ ಕೊಟ್ರು?"

"ಎರಡು ವಾರ ಆಯ್ತು."

"ಎರಡು ವಾರ! ಇದೇ ಮೇಜಲ್ಲಿ ಎದುರಾಬದುರಾ ಕೂತು ಉಂಡಿದೀವಿ. ಬಾಯಿಗೆ ಬೀಗ ಬಿದ್ದಿತ್ತಾ?"

"ಹೇಳಿದ್ರೆ ಅವತ್ತೇ ಬೇಡ ಅಂತಿದ್ರಿ. ಹೇಳ್ದೇ ಇದ್ದಿದ್ದಕ್ಕೆ ಎರಡು ವಾರ ಕೆಲಸನಾದ್ರೂ ಆಯ್ತು."

ಸೊಸೆಯ ದನಿ ಏರಲಿಲ್ಲ. ಅವಳದು ಏರುವ ದನಿಯಲ್ಲ. ನನ್ನ ಮಗನಿಗೆ ಕೂಗಾಡುವವರ ಜೊತೆ ಜಗಳವಾಡುವುದು ಸುಲಭ, ಸೈಟಿನಲ್ಲಿ ದಿನವೂ ಮಾಡುತ್ತಾನೆ. ಹೀಗೆ ಮೆಲ್ಲಗೆ ಹೇಳುವವರ ಮುಂದೆ ಕಕ್ಕಾಬಿಕ್ಕಿಯಾಗುತ್ತಾನೆ.

"ಈಗ ಎಂಟು ಹಾಕೋಣ," ಅಂದ. "ಕೆಲಸ ಬರ್ಲಿ, ಆಮೇಲೆ ನೋಡ್ಕೊಂಡು ಇನ್ನೊಂದು ಎಂಟು ಹಾಕಿದ್ರಾಯ್ತು."

"ಎಲ್ಲಿ ಹಾಕ್ತೀರಿ? ಇರೋದೇ ಎರಡು ಗೂಡು. ಮೂರನೇದನ್ನ ತಾರಸಿ ಮೇಲೆ ಕಂಬಿಗೆ ಸಿಗಿಸ್ತೀರಾ?"

ಪಟಾಕಿ ಕಿಸಕ್ಕನೆ ನಕ್ಕಳು. ನಗಬಾರದಿತ್ತು.

"ನಗು, ನಗು. ನಿನ್ನ ಪಾಠಕ್ಕೂ ಅದೇ ಲ್ಯಾಪ್‌ಟಾಪು. ನಿಮ್ಮಮ್ಮ ಶಾಲೆ ಕಟ್ಟಿ ಮುಗಿಸೋದ್ರೊಳಗೆ ನೀನು ಕಾಲೇಜು ಬಿಟ್ಟು ಮನೇಲಿ ಕೂತಿರ್ತೀಯ."

ನಾನು ಸುಮ್ಮನಿರುವವಳಲ್ಲ. "ಅಲ್ವೋ, ಅವಳ ಪಾತ್ರೆ ಎಷ್ಟು ದೊಡ್ಡದು ಅಂತ ನೋಡ್ದೆ ಕಟ್ಟೆ ಅಳೀತಿದೀಯಲ್ಲೋ?"

"ಅಮ್ಮ, ನಿನಗೆ ಇದೆಲ್ಲ ತಿಳಿಯಲ್ಲ, ಊಟ ಮಾಡು."

"ತಿಳೀದೆ ಏನು? ನೀನು ಕಟ್ಟಿರೋ ಕಟ್ಟೆ ಮೇಲೆ ದಿನಾ ಅಡುಗೆ ಮಾಡೋಳು ನಾನು."

ಅವನು ಕೈ ತೊಳೆಯಲು ಎದ್ದ. ತಟ್ಟೆಯಲ್ಲಿ ಅರ್ಧ ಅನ್ನ ಹಾಗೇ ಉಳಿದಿತ್ತು.

ಆಮೇಲೆ ಕೆಲವು ದಿನ ಮನೆಯಲ್ಲಿ ಮಾತೆಲ್ಲ ನನ್ನ ಮೂಲಕ ಓಡಾಡಿತು. "ಅಮ್ಮ, ಬೇಕರಿಯವನ ಮನೆ ಬಾಲ್ಕನಿ ಎರಡಡಿ ಹೆಚ್ಚು ಮಾಡ್ಬೇಕಂತೆ, ಹೇಳು ಅವಳಿಗೆ." "ಅತ್ತೆ, ಆಗ್ಲೇ ಮಾಡಿದೀನಿ ಅಂತ ಹೇಳಿ." ಇಬ್ಬರೂ ಒಂದೇ ಕೋಣೆಯಲ್ಲಿ ಕೂತಿರುತ್ತಿದ್ದರು. ನಾನೇನು ಪೋಸ್ಟ್‌ಮನ್ನೇ? ಒಂದು ದಿನ ರೇಗಿ, "ನನ್ನ ಬಾಯಿ ನೋಯ್ತಿದೆ, ನೀವೇ ಮಾತಾಡ್ಕೊಳ್ಳಿ," ಅಂದೆ. ಅವತ್ತಿಂದ ಅದೂ ನಿಂತುಹೋಯಿತು.

ಸೊಸೆಗೆ ಸ್ವಂತದ್ದು ಅಂತ ಒಂದು ಜಾಗವಿರಲಿಲ್ಲ. ಊಟದ ಮೇಜಿನ ಮೇಲೇ ಅವಳ ಕೆಲಸ. ತಿಂಡಿ ಹೊತ್ತಿಗೆ ಎತ್ತಿಡಬೇಕು, ಊಟದ ಹೊತ್ತಿಗೆ ಎತ್ತಿಡಬೇಕು, ಯಾರಾದರೂ ಬಂದರೆ ಎತ್ತಿಡಬೇಕು. ಹಿಂದಿನ ಕೋಣೆ ಇತ್ತು, ಆದರೆ ಅದರ ತುಂಬ ಮೇಸ್ತ್ರಿಯ ಸಿಮೆಂಟ್ ಮೂಟೆ, ಬಣ್ಣದ ಡಬ್ಬ, ಸೆಂಟ್ರಿಂಗ್ ಹಲಗೆ.

ಭಾನುವಾರ ಮಧ್ಯಾಹ್ನ ತಾಯಿ ಮಗಳು ತರಕಾರಿ ತರಲು ಹೋದರು. ಅವರು ಬೀದಿ ತಿರುಗುವುದನ್ನೇ ಕಾದಿದ್ದ ಹಾಗೆ ನನ್ನ ಮಗ ಜೇಬಿನಿಂದ ಒಂದು ಪುಟ್ಟ ಪೊಟ್ಟಣ ತೆಗೆದ.

"ಏನೋ ಅದು?"

"ಎಂಟು. ಅವಳು ಬರೋದ್ರೊಳಗೆ ಕೂರಿಸ್ಬಿಡ್ತೀನಿ. ಓಡೋದು ನೋಡಿದ್ರೆ ತಾನಾಗೇ ಸರಿಹೋಗ್ತಾಳೆ."

"ರಿಪೇರಿಯವನು ಹಾಕಿಕೊಡಲ್ವಾ?"

"ಅವನು ಸ್ಕ್ರೂ ಮುಟ್ಟಿದ್ರೂ ಕೈ ಚಾಚ್ತಾನೆ. ಇಷ್ಟು ಮನೆ ಕಟ್ಟಿದೀನಿ, ಒಂದು ಪಟ್ಟಿ ಕೂರ್ಸೋದು ದೊಡ್ಡ ಕೆಲಸನಾ?"

ಬೆನ್ನು ಬಿಚ್ಚಿದ. ಕನ್ನಡಕ ಏರಿಸಿಕೊಂಡು ಪಟ್ಟಿಯನ್ನು ಗೂಡಿಗೆ ಇಟ್ಟ. ಕೂರಲಿಲ್ಲ. ತಿರುಗಿಸಿ ಇಡಬೇಕಿತ್ತೋ ಏನೋ, ನೋಡುವ ತಾಳ್ಮೆ ಎಲ್ಲಿ? ಗಾರೆ ಕೆಲಸದವರು ಇಟ್ಟಿಗೆ ಇಟ್ಟ ಮೇಲೆ ಕರಣೆಯ ಹಿಡಿಯಿಂದ ಟಕ್ ಟಕ್ ಅಂತ ಎರಡು ತಟ್ಟುತ್ತಾರೆ. ತಟ್ಟಿದರೆ ಇಟ್ಟಿಗೆ ಗಾರೆಯಲ್ಲಿ ಒತ್ತಿಕೊಂಡು ಮಟ್ಟಸವಾಗುತ್ತದೆ. ಚಿಕ್ಕಂದಿನಿಂದ ಅವನ ಕೈಗೆ ಅದೇ ಅಭ್ಯಾಸ. ಸ್ಕ್ರೂಡ್ರೈವರನ್ನು ತಲೆಕೆಳಗು ಮಾಡಿ ಹಿಡಿದ.

"ತಟ್ಟಬೇಡ್ವೋ!" ಅಂದೆ.

"ಕೂರ್ಲಿಲ್ಲ ಅಂದ್ರೆ ತಟ್ಲೇಬೇಕಮ್ಮ."

ಟಕ್. ಟಕ್. ಮೂರನೆಯದಕ್ಕೆ ಕಟಕ್ ಅಂದಿತು.

ಮುಚ್ಚಿ, ಸ್ವಿಚ್ ಒತ್ತಿದ. ಪರದೆ ಕಪ್ಪು. ಒಳಗಿಂದ ಬೀಪ್, ಬೀಪ್ ಅಂತ ಕೂಗಿಕೊಂಡಿತು. ಮತ್ತೆ ಒತ್ತಿದ, ಮತ್ತೆ ಅದೇ ಕೂಗು. ಅವನ ಹಣೆಯಲ್ಲಿ ಬೆವರು ಮೂಡಿತು. ಅಷ್ಟರಲ್ಲಿ ಗೇಟಿನ ಸದ್ದಾಯಿತು.

ಸೊಸೆ ಒಳಗೆ ಬಂದು ಮೇಜು ನೋಡಿದಳು. ಸ್ಕ್ರೂಗಳು ಉಪ್ಪಿನ ಬಟ್ಟಲಿನ ಪಕ್ಕ ಬಿದ್ದಿದ್ದವು. ತರಕಾರಿ ಚೀಲವನ್ನು ಕೆಳಗಿಟ್ಟಳು. ಒಂದು ಟೊಮೇಟೊ ಉರುಳಿಕೊಂಡು ಹೋಗಿ ನನ್ನ ಕುರ್ಚಿಯ ಕಾಲಿಗೆ ತಾಗಿತು.

"ಏನ್ ಮಾಡಿದ್ರಿ?"

"ಹಾಕ್ತಿದ್ದೆ. ನಿನಗೇ ಅಂತ."

"ಅಪ್ಪ, ತಟ್ಟಿದ್ರಾ?" ಅಂದಳು ಪಟಾಕಿ. ಮಗಳಿಗೆ ಅಪ್ಪನ ಕೈ ಗೊತ್ತು. "ಅಪ್ಪ! ಅದೇನು ಇಟ್ಟಿಗೆನಾ?"

ಸೊಸೆ ಕೂಗಲಿಲ್ಲ, ಅಳಲಿಲ್ಲ. ಸ್ಕ್ರೂಗಳನ್ನು ಒಂದೊಂದಾಗಿ ಆರಿಸಿ ಬಟ್ಟಲಿಗೆ ಹಾಕಿದಳು. ನನಗೆ ಅದನ್ನು ನೋಡಿಯೇ ಭಯವಾಯಿತು.

ಮಾರನೆಯ ದಿನ ಗಂಡ ಹೆಂಡತಿ ರಿಪೇರಿಯವನ ಹತ್ತಿರ ಹೊರಟಾಗ ನಾನೂ ಹೋದೆ. ಮಂಡಿ ನೋವಿನ ಎಣ್ಣೆ ತರುವ ನೆವ. ನಿಜ ಹೇಳಬೇಕೆಂದರೆ, ಅವರಿಬ್ಬರನ್ನೇ ಕಳಿಸಲು ಮನಸ್ಸು ಬರಲಿಲ್ಲ.

ರಿಪೇರಿಯವನು ಬಿಚ್ಚಿ, ದೀಪ ಹಾಕಿ ನೋಡಿದ. "ಯಾರು ಇದನ್ನ ಹಾಕಿದ್ದು?"

ನನ್ನ ಮಗ ಅಂಗಡಿಯ ಛಾವಣಿಯನ್ನು ಪರೀಕ್ಷೆ ಮಾಡುತ್ತಿದ್ದ.

"ಈ ಗೂಡು ಹೋಯ್ತು. ಕೊಂಡಿ ಮುರಿದಿದೆ, ಒಳಗಿನ ಹಲ್ಲೆಲ್ಲ ಬಾಗಿದೆ. ಹೊಸ ಪಟ್ಟಿಗೆ ಏನೂ ಆಗಿಲ್ಲ, ನಿಮ್ಮ ಪುಣ್ಯ. ಹಳೇದು ಕೂತಿರೋ ಗೂಡೂ ಚೆನ್ನಾಗಿದೆ, ಲ್ಯಾಪ್‌ಟಾಪು ಓಡುತ್ತೆ." ಆನ್ ಮಾಡಿ ತೋರಿಸಿದ. ಸೊಸೆ ಮೊದಲು ನೋಡಿದ್ದು ಅವಳ ಶಾಲೆ ಇದೆಯೋ ಇಲ್ಲವೋ ಅಂತ. ಇತ್ತು. "ಇನ್ನು ಜಾಸ್ತಿ ಮಾಡೋದಾದ್ರೆ ಈ ಎಂಟನ್ನ ತೆಗೆದು ಒಂದೇ ದೊಡ್ಡ ಪಟ್ಟಿ ಹಾಕ್ಬೇಕು. ಹದಿನಾರಿದೆ, ಮೂವತ್ತೆರಡಿದೆ. ನಿಮ್ಮ ಈ ಎರಡು ಎಂಟನ್ನೂ ನಾನು ವಾಪಸ್ ತಗೋತೀನಿ. ಎಷ್ಟು ಹಾಕ್ಲಿ?"

ಕೇಳಿದ್ದು ನನ್ನ ಮಗನ ಮುಖ ನೋಡಿ.

"ಹದಿನಾರು," ಅಂದ ಅವನು. ಯೋಚನೆ ಮಾಡಲಿಲ್ಲ, ಪಕ್ಕಕ್ಕೆ ತಿರುಗಲೂ ಇಲ್ಲ.

ಸೊಸೆ ಲ್ಯಾಪ್‌ಟಾಪನ್ನು ಟಪ್ಪನೆ ಮುಚ್ಚಿದಳು. "ಏನೂ ಬೇಡ. ಹೀಗೇ ಇರ್ಲಿ."

"ಹದಿನಾರು ಹಾಕಿಸ್ತೀನಿ ಅಂದ್ನಲ್ಲೇ!"

"ಎರಡು ಗೂಡಿದ್ದಾಗ ಎಂಟು ತಂದ್ರಿ. ಒಂದನ್ನ ಮುರಿದ್ರಿ. ಉಳಿದಿರೋ ಒಂದಕ್ಕೆ ಹದಿನಾರು ತುಂಬಿಸಿದ್ರೆ ಅಲ್ಲಿಗೆ ನನ್ನ ಕಥೆ ಮುಗೀತು. ನೀವು ಹಾಕಿಸೋದು ನಿಮ್ಮ ಮನೆಗಳಿಗೆ ರೀ. ನನಗಲ್ಲ."

ಚೀಲಕ್ಕೆ ಹಾಕಿಕೊಂಡು ನಡೆದುಬಿಟ್ಟಳು. ರಿಪೇರಿಯವನು ನನ್ನ ಕಡೆ ನೋಡಿದ. "ನೋಡಬೇಡಪ್ಪ, ನಾನು ಎಣ್ಣೆ ತರೋಕೆ ಬಂದಿರೋದು," ಅಂದೆ.

ಆ ಎಂಟರಲ್ಲೇ ಅವಳು ಶಾಲೆ ಕಟ್ಟಲು ಕೂತಳು. ಒಂದು ಕ್ಲಾಸ್‌ರೂಮು ಮಾಡುವಾಗ ಮಿಕ್ಕದ್ದನ್ನೆಲ್ಲ ಮುಚ್ಚಿಡುವುದು, ಮೈದಾನ ಮಾಡುವಾಗ ಕಟ್ಟಡವನ್ನೇ ಮುಚ್ಚಿಡುವುದು. ಮರ ನೆಡುವಾಗಂತೂ ಎರಡೆರಡು ಮರಕ್ಕೊಮ್ಮೆ ಲ್ಯಾಪ್‌ಟಾಪು ಉಸಿರು ಕಟ್ಟುತ್ತಿತ್ತು. ಪಟಾಕಿ ತನ್ನ ಪಾಠವನ್ನು ಒಡೆದ ಗಾಜಿನ ಫೋನಿನಲ್ಲಿ ನೋಡಿಕೊಂಡಳು. "ಸರ್ ಮುಖ ನಾಲ್ಕು ಚೂರಾಗಿದೆ. ಯಾವ ಚೂರು ಪಾಠ ಮಾಡ್ತಿದೆಯೋ ಗೊತ್ತಾಗ್ತಿಲ್ಲ," ಅಂತ ಗೊಣಗಿದಳೇ ಹೊರತು ಲ್ಯಾಪ್‌ಟಾಪು ಕೇಳಲಿಲ್ಲ. ಮಂಡಿಗೆ ಎಣ್ಣೆ ತಿಕ್ಕಿಕೊಂಡು ಅಡುಗೆಮನೆಯ ಕೆಲಸವನ್ನು ಪೂರ್ತಿ ನಾನೇ ವಹಿಸಿಕೊಂಡೆ. ಒಂದು ದಿನ ಮರೆತು ಕಟ್ಟೆ ಸೇರುವ ಜಾಗದಲ್ಲೇ ಬೇಳೆ ಪಾತ್ರೆ ಇಟ್ಟೆ. ಪಾತ್ರೆ ಮಗುಚಿ ಬೇಳೆಯೆಲ್ಲ ನೆಲಕ್ಕೆ ಬಿತ್ತು. ಅವತ್ತು ನಾಲ್ಕು ಜನವೂ ಬ್ರೆಡ್ಡು ತಿಂದೆವು. ಯಾರ ತಪ್ಪು ಅಂತ ಯಾರೂ ಕೇಳಲಿಲ್ಲ. ನಾನು ಮಾತ್ರ ಕಟ್ಟೆ ಕಟ್ಟಿದವನ ಮುಖವನ್ನೇ ನೋಡುತ್ತಾ ಅಗಿದೆ.

ಮೇಸ್ತ್ರಿ ಸೈಟಿನಿಂದ ತಡವಾಗಿ ಬರತೊಡಗಿದ. ಬೇಕರಿಯವನೇನೋ ಕಾಗದದ ನಕ್ಷೆ ನೋಡಿಯೇ ಒಪ್ಪಿದ. ಆದರೆ ಮನೆ ಕಟ್ಟಿಸಬೇಕು ಅಂತಿದ್ದ ಇನ್ನೊಬ್ಬ ಗಿರಾಕಿ, ಔಷಧಿ ಅಂಗಡಿಯವನು, ಕೈಬಿಟ್ಟ. ಅದು ನಮಗೆ ತಿಳಿದದ್ದು ಮೇಡಂ ಫೋನು ಬಂದ ದಿನ.

ಸಂಜೆ, ಇನ್ನೂ ದೀಪ ಹಾಕಿರಲಿಲ್ಲ. ಸೊಸೆ ಮೇಜಿನ ಮುಂದೆ ಕೂತು ಫೋನಿನಲ್ಲಿ ಹೂಂ ಹೂಂ ಅನ್ನುತ್ತಿದ್ದಳು. ಇಟ್ಟ ಮೇಲೆ ಹೇಳಿದಳು: "ತುಂಡು ತುಂಡು ಮಾಡಿ ಕಳಿಸ್ತೀನಿ ಅಂದೆ. ಆಗಲ್ವಂತೆ. ಶನಿವಾರ ಶಾಲೆಯವರೂ ಕೂತಿರ್ತಾರಂತೆ. ಗೇಟಿಂದ ತಾರಸಿವರೆಗೂ ಎಲ್ಲೂ ನಿಲ್ಲದೆ ತೋರಿಸ್ಬೇಕಂತೆ."

ಮೇಸ್ತ್ರಿ ಆಗ ತಾನೇ ಬಂದು ಚಪ್ಪಲಿ ಬಿಡುತ್ತಿದ್ದ. "ಅದಕ್ಕೇ ಹೇಳಿದ್ದು ಹದಿನಾರು ಹಾಕ್ಸು ಅಂತ. ಹಟ. ನಿನ್ನ ಹಟಕ್ಕೆ ನನ್ನ ಕೆಲಸನೂ ಹೋಯ್ತು. ಔಷಧಿ ಅಂಗಡಿಯವನು ಆಚೆ ಬೀದಿ ಮೇಸ್ತ್ರಿಗೆ ಕೊಟ್ಟ."

"ನನ್ನ ಹಟಕ್ಕೆ ಅವನ್ಯಾಕೆ ಹೋಗ್ತಾನೆ?"

"ಆ ಮೇಸ್ತ್ರಿ ಚಿತ್ರ ತೋರಿಸ್ದ. ನಿನ್ನ ಚಿತ್ರದ ಕಾಲುಭಾಗದಷ್ಟೂ ಚೆನ್ನಾಗಿಲ್ಲ, ಆದ್ರೂ ತೋರಿಸ್ದ. ನಾನು ಕೈ ಆಡಿಸ್ಕೊಂಡು ಇಲ್ಲಿ ಹಾಲು, ಇಲ್ಲಿ ರೂಮು ಅಂತ ಬಾಯಲ್ಲಿ ಹೇಳ್ದೆ."

"ನನಗೆ ಒಂದು ಮಾತು ಹೇಳಿದ್ರೆ ಮಾಡಿಕೊಡ್ತಿರ್ಲಿಲ್ವಾ?"

"ಎಷ್ಟು ದಿನ ಮಾಡಿಕೊಡ್ತೀಯ?" ಅವನು ಕೂಗಿಬಿಟ್ಟ. "ಜನ ನನ್ನ ಹತ್ರ ಬರೋದು ನನ್ನ ಗೋಡೆ ನೋಡಿ ಅಲ್ಲ ಕಣೇ! ಗೋಡೆ ಎಲ್ಲರೂ ಕಟ್ತಾರೆ. ನೀನು ತೋರ್ಸೋದನ್ನ ನೋಡಿ ಬರ್ತಾರೆ. ಇವತ್ತು ಶಾಲೆ, ನಾಳೆ ಆಸ್ಪತ್ರೆ ಅಂತ ನೀನು ಹೊರಟ್ರೆ ನಾನೇನು ತೋರಿಸ್ಲಿ? ಈ ಮುಖಾನಾ?"

ಅವನ ಒಂದು ಚಪ್ಪಲಿ ಇನ್ನೂ ಕಾಲಲ್ಲೇ ಇತ್ತು.

ಸೊಸೆ ಕುರ್ಚಿಯನ್ನು ಅವನ ಕಡೆ ತಿರುಗಿಸಿದಳು. "ಇದನ್ನ ಮೊದಲನೇ ದಿನ ಹೇಳ್ಬಹುದಿತ್ತು. ಎಂಟು ಸಾಕು, ಹದಿನಾರು ಸಾಕು ಅಂತ ಸುಳ್ಳು ಲೆಕ್ಕ ಹೇಳ್ಕೊಂಡು, ಇದ್ದ ಗೂಡು ಮುರಿದು, ಇಲ್ಲಿಗೆ ಬಂದು ಹೇಳ್ತಿದೀರ."

"ಹೇಳಿದ್ರೆ ಏನ್ಮಾಡ್ತಿದ್ದೆ?"

"ಇವಳಿಗೆ ಕಲಿಸ್ತಿದ್ದೆ." ಪಟಾಕಿಯತ್ತ ಕೈ ತೋರಿಸಿದಳು. "ಮನೆ ಚಿತ್ರ ಇವಳು ಮಾಡ್ತಾಳೆ. ನಾನು ತಿದ್ದಿಕೊಡ್ತೀನಿ. ಯೋಚನೆ ಮಾಡೇ ಇಟ್ಟಿದ್ದೆ. ಈಗ ಬಿಡಿ, ಅದೂ ಬೇಡ. ಬೆಳಿಗ್ಗೆ ಮೇಡಂಗೆ ಫೋನ್ ಮಾಡಿ ನನ್ನ ಕೈಲಿ ಆಗಲ್ಲ ಅಂತ ಹೇಳ್ತೀನಿ. ನಿಮಗೂ ಸಮಾಧಾನ."

ಅವತ್ತು ಒಲೆ ಹಚ್ಚಲಿಲ್ಲ.

ಬೆಳಿಗ್ಗೆ ಎದ್ದರೆ ಮೇಜು ಖಾಲಿ. ಲ್ಯಾಪ್‌ಟಾಪಿಲ್ಲ, ಅದರ ಚೀಲವಿಲ್ಲ, ಮೇಸ್ತ್ರಿಯೂ ಇಲ್ಲ. ಪಟಾಕಿ ಅಪ್ಪನಿಗೆ ಫೋನ್ ಮಾಡಿದಳು. ಸ್ವಿಚ್ ಆಫ್. ಸೈಟಿಗೆ ಮಾಡಿದಳು. ಬಂದೇ ಇಲ್ಲವಂತೆ.

"ಅಜ್ಜಿ, ಅಪ್ಪ ಏನಾದ್ರೂ ಮಾರ್ಬಿಟ್ರಾ?"

"ಬಾಯಿ ಮುಚ್ಚೇ," ಅಂದೆ. ಆದರೆ ಅನುಮಾನ ನನಗೂ ಇತ್ತು. ಹೆತ್ತವಳು ನಾನು, ಅವನಿಗೆ ರೋಷ ಬಂದರೆ ಹೇಗೆ ಅಂತ ನನಗೆ ಗೊತ್ತಿಲ್ಲವೇ?

ಸೊಸೆ ಫೋನನ್ನು ಕೈಯಲ್ಲಿ ಹಿಡಿದು ಕೂತಿದ್ದಳು. "ಶಾಲೆ ಪೂರ್ತಿ ಅದರಲ್ಲೇ ಇದೆ ಅತ್ತೆ. ಬೇರೆ ಎಲ್ಲೂ ಇಲ್ಲ." ಅಷ್ಟು ದಿನದಲ್ಲಿ ಅವಳ ದನಿ ನಡುಗಿದ್ದು ಅದೊಂದೇ ಸಲ. ಮೇಡಂಗೆ ಫೋನ್ ಮಾಡಲಿಲ್ಲ. ಮಾಡಬೇಕೋ ಬೇಡವೋ ಅಂತ ಅದನ್ನು ಮಗುಚಿ ಇಡುವುದು, ಮತ್ತೆ ಎತ್ತಿಕೊಳ್ಳುವುದು.

ಮಧ್ಯಾಹ್ನ ಅವನು ಬಂದ. ಎರಡು ಕೈಯಲ್ಲೂ ಚೀಲವನ್ನು ಹಿಡಿದುಕೊಂಡು ಬಂದು ಮೇಜಿನ ಮೇಲೆ ಇಟ್ಟ.

"ಮೂವತ್ತೆರಡು," ಅಂದ. "ರಿಪೇರಿಯವನ ಹತ್ರ ಖಾಲಿಯಾಗಿತ್ತು. ಪೇಟೆಗೆ ಹೋಗಿ ತಂದು ಇವನ ಕೈಲೇ ಹಾಕ್ಸಿದೆ. ನಾನು ಮುಟ್ಲಿಲ್ಲ. ಕೈ ಹಿಂದೆ ಕಟ್ಕೊಂಡು ನಿಂತಿದ್ದೆ. ಬೇಕಾದ್ರೆ ಕೇಳು ಅವನ್ನ."

"ಫೋನ್ ಯಾಕೆ ಆಫ್?"

"ಚಾರ್ಜ್ ಇರ್ಲಿಲ್ಲ."

ಸೊಸೆ ತೆರೆದಳು, ಶಾಲೆಯಿತ್ತು. ಅವಳ ಹೆಗಲು ಇಳಿದದ್ದನ್ನು ನಾನು ನೋಡಿದೆ. ಇನ್ನೇನು ಎಲ್ಲ ಸರಿಹೋಯಿತು ಅಂತ ನಾನು ಟೀಗೆ ನೀರಿಡಲು ಎದ್ದರೆ, ಅವಳು ಕೇಳಿದಳು:

"ನನ್ನನ್ನ ಕೇಳಿದ್ರಾ?"

"ಏನನ್ನ?"

"ಎಷ್ಟು ಬೇಕು ಅಂತ."

"ಕೇಳಿದ್ರೂ ಮೂವತ್ತೆರಡು ಅಂತಾನೇ ಹೇಳ್ತಿದ್ದೆ!"

"ಹೌದು. ಆದ್ರೂ ಕೇಳ್ಬೇಕಿತ್ತು. ಹೇಳ್ದೆ ಕೇಳ್ದೆ ಎಂಟು ತಂದಿದ್ದೂ ನೀವೇ, ಹೇಳ್ದೆ ಕೇಳ್ದೆ ಮೂವತ್ತೆರಡು ತಂದಿದ್ದೂ ನೀವೇ. ಇಡೀ ಬೆಳಿಗ್ಗೆ ನಾನು ಇಲ್ಲಿ ಸತ್ತು ಬದುಕಿದೀನಿ."

ಮೇಸ್ತ್ರಿ ನನ್ನ ಕಡೆ ನೋಡಿದ. ಈ ಸಲ ನಾನೇ ಛಾವಣಿ ನೋಡಿದೆ.

ಶನಿವಾರ ಬಂತು. ಮೇಜಿನ ಮೇಲಿದ್ದ ಉಪ್ಪಿನ ಬಟ್ಟಲಿನಿಂದ ಹಿಡಿದು ಎಲ್ಲವನ್ನೂ ಎತ್ತಿಟ್ಟೆವು. ಪರದೆಯ ಮೂಲೆಯಲ್ಲಿ ಮೇಡಂ ಮುಖ, ಅವರ ಹಿಂದೆ ಶಾಲೆಯವರು ಮೂರು ನಾಲ್ಕು ಜನ. ಸೊಸೆ ಗೇಟು ತೆರೆದಳು. ಮೈದಾನ ಬಂತು, ಮರಗಳು ಬಂದವು. ನಾವು ಮೂವರೂ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆವು. ಮೆಟ್ಟಿಲು ಬಂದಾಗ ಪಟಾಕಿ ನನ್ನ ಕೈ ಹಿಚುಕಿದಳು. ಮೇಸ್ತ್ರಿಯ ತುಟಿ ಅಲುಗುತ್ತಿತ್ತು. ಒಂದೊಂದೇ ಮೆಟ್ಟಿಲು ಎಣಿಸುತ್ತಿದ್ದನೋ, ಏನೋ. ಅರ್ಧ ಮೆಟ್ಟಿಲಾಯಿತು. ತಿರುವು ಬಂತು. ತಿರುವು ದಾಟಿತು. ಮೇಲಿನ ವರಾಂಡ, ಲ್ಯಾಬು, ಮತ್ತೊಂದು ಮೆಟ್ಟಿಲು, ತಾರಸಿ. ತಾರಸಿಯ ಮೇಲೆ ಒಂದೇ ಒಂದು ಕಂಬಿ ಇರಲಿಲ್ಲ. ಆಕಾಶ ಮಾತ್ರ.

"ಸರಿ," ಅಂದರು ಮೇಡಂ. ಹೊಗಳಿಕೆ ಅವರ ಬಾಯಲ್ಲಿ ಇಲ್ಲ. "ಸೋಮವಾರ ಇನ್ನೊಂದು ಕಳಿಸ್ತೀನಿ. ಅದು ಇದಕ್ಕಿಂತ ದೊಡ್ಡದು. ಆಗುತ್ತಾ?"

"ಆಗುತ್ತೆ ಮೇಡಂ."

ಮೇಸ್ತ್ರಿ ಹಿಂದಿನ ಬಾಗಿಲಿನಿಂದ ಸೈಟಿಗೆ ಹೋದ. ಶಹಬ್ಬಾಸ್ ಅನ್ನಲಿಲ್ಲ. ಅವಳೂ ಕಾಯಲಿಲ್ಲ.

ಆಮೇಲಿನ ವಾರಗಳಲ್ಲಿ ಮನೆ ತಣ್ಣಗಾಯಿತು ಅಂತ ಹೇಳಿದರೆ ಸುಳ್ಳು. ಪಟಾಕಿ ಬಾಡಿಗೆಗೆ ತಂದ ಹಳೆಯ ಕಂಪ್ಯೂಟರಿನಲ್ಲಿ ಅಪ್ಪನ ಮನೆಗಳನ್ನು ಬರೆಯಲು ಕಲಿತಳು. ಮೊದಲ ಮನೆಯ ಕಕ್ಕಸಿಗೆ ಬಾಗಿಲನ್ನೇ ಇಟ್ಟಿರಲಿಲ್ಲ.

"ಗಿರಾಕಿ ಒಳಗೆ ಹೋಗೋದು ಹೆಂಗಮ್ಮ, ಹಾರ್ಕೊಂಡಾ?" ಅಂದ ಮೇಸ್ತ್ರಿ.

"ಮೊದಲು ಕೂಲಿ ಮಾತಾಡಿ, ಆಮೇಲೆ ಬಾಗಿಲು ಇಡ್ತೀನಿ," ಅಂದಳು ಇವಳು. ಅಪ್ಪ ಮಗಳ ಜಗಳ ಬೀದಿಗೆ ಕೇಳಿಸಿತು. ಗಂಡ ಹೆಂಡತಿ ಮಾತ್ರ ಬೇಕಾದಷ್ಟೇ ಮಾತಾಡುತ್ತಿದ್ದರು. ಊಟದ ಹೊತ್ತಿಗೆ ಸೊಸೆ ಲ್ಯಾಪ್‌ಟಾಪು ಎತ್ತಿಡುವುದು, ಊಟ ಮುಗಿದ ಮೇಲೆ ಮೇಜು ಒರೆಸಿ ಮತ್ತೆ ಹರಡಿಕೊಳ್ಳುವುದು ನಡೆದೇ ಇತ್ತು.

ಒಂದು ಬೆಳಿಗ್ಗೆ ಹಿಂದಿನ ಕೋಣೆಯಲ್ಲಿ ಧಡಧಡ ಸದ್ದು. ಹೋಗಿ ನೋಡಿದರೆ ಸಿಮೆಂಟ್ ಮೂಟೆಗಳು ಅಂಗಳದಲ್ಲಿ, ಹಲಗೆಗಳು ಗೋಡೆಗೆ ಒರಗಿವೆ. ಕೋಣೆ ಗುಡಿಸಿದೆ. ಕಿಟಕಿಯ ಕೆಳಗೆ ನನ್ನ ಮಗ ಅಳತೆ ಟೇಪು ಹಿಡಿದು, ಕಿವಿಗೆ ಪೆನ್ಸಿಲ್ ಸಿಗಿಸಿಕೊಂಡು ನಿಂತಿದ್ದಾನೆ. ಗೋಡೆಯ ಮೇಲೆ ಇನ್ನೂ ಒಂದು ಗೆರೆಯನ್ನೂ ಎಳೆದಿಲ್ಲ.

"ಏನೋ ಇದು?" ಅಂದೆ.

"ಕಟ್ಟೆ. ಅವಳ ಕೆಲಸಕ್ಕೆ."

"ಎಷ್ಟುದ್ದ?"

"ಗೊತ್ತಿಲ್ಲ," ಅಂದ. ಅವನ ಬಾಯಲ್ಲಿ ಆ ಮಾತನ್ನು ಕೇಳಿ ಎಷ್ಟು ಕಾಲವಾಗಿತ್ತೋ.

ಬಾಗಿಲಿಗೆ ಬಂದು, ಕತ್ತು ಹೊರಗೆ ಚಾಚಿ, ಮೇಜಿನ ಕಡೆಗೆ ಕೂಗಿದ. ಸೈಟಿನಲ್ಲಿ ಕೂಗುವ ದನಿಯಲ್ಲ, ಅದಕ್ಕಿಂತ ಒಂದು ಬೆರಳು ತಗ್ಗು. "ಇಲ್ಲಿ ಒಂದು ಕಟ್ಟೆ ಹಾಕ್ತೀನಿ. ಒಂದೇ ಸಲಕ್ಕೆ, ಸಂದು ಬಿಡಲ್ಲ. ಎಷ್ಟುದ್ದ ಬೇಕು ನಿನಗೆ?"

ಸೊಸೆಯ ಬೆರಳು ಕೀಲಿಗಳ ಮೇಲೆ ನಿಂತಿತು. ತಿರುಗಿ ನೋಡಲಿಲ್ಲ. ಅವನು ಟೇಪು ಹಿಡಿದು ಕಾದ.

"ಗೋಡೆಯಿಂದ ಗೋಡೆಗೆ," ಅಂದಳು.